ಮೂಗು ಮೇಸ್ತ್ರಿ ಆರಿಸಿದ ಕನ್ವರ್ಟರ್

ನಮ್ಮ ಭಾವನನ್ನು ಗಾಡಿ ರಿಪೇರಿ ಶೆಡ್ಡಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವರು ಎಲ್ಲರಿಗೂ ಮೂಗು ಮೇಸ್ತ್ರಿ. ಮೂಗೇನು ದೊಡ್ಡದಲ್ಲ. ತುದಿಯಲ್ಲಿ ಸ್ವಲ್ಪ ಚಪ್ಪಟೆಯಾದ ಸಾಧಾರಣ ಮೂಗು. ಗಂಡಿನ ಮೂಗು ಸರಿಯಿಲ್ಲ ಎಂದು ಅಕ್ಕ ಮದುವೆಗೆ ಮುಂಚೆ ಒಂದು ವಾರ ಮುಖ ಊದಿಸಿಕೊಂಡಿದ್ದಳು. ಆಮೇಲೆ ಅದೇ ಮೂಗು ಮೂವತ್ತು ವರ್ಷ ಅವಳ ಮನೆ ನಡೆಸಿತು.

ಅವರ ಕೆಲಸ ಆಟೋಮ್ಯಾಟಿಕ್ ಗೇರ್‌ಬಾಕ್ಸುಗಳದು. ಕ್ಲಚ್ ತುಳಿಯುವ ಗೋಜಿಲ್ಲದೆ ತಾವೇ ಗೇರು ಬದಲಿಸಿಕೊಳ್ಳುವಂಥವು. ಅದರೊಳಗೆ ಏನಾದರೂ ಕೆಟ್ಟರೆ ಬೇರೆ ಮೆಕ್ಯಾನಿಕ್‌ಗಳು ಇಡೀ ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಮೇಜಿನ ತುಂಬ ಹರಡಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದರು. ಭಾವ ಮೊದಲು ಆಯಿಲ್ ಅಳೆಯುವ ಕಡ್ಡಿ ಎಳೆಯುತ್ತಿದ್ದರು. ಬಿಳಿ ಬಟ್ಟೆಯ ಮೇಲೆ ಒಂದು ಹನಿ ಇಳಿಸಿ ಬಣ್ಣ ನೋಡುವರು, ಎರಡು ಬೆರಳ ನಡುವೆ ಉಜ್ಜಿ ತರಿ ಇದೆಯೇ ಎಂದು ನೋಡುವರು, ಕೊನೆಗೆ ಕಡ್ಡಿಯನ್ನು ಮೂಗಿನ ಕೆಳಗೆ ಹಿಡಿದು ಕಣ್ಣು ಮುಚ್ಚುವರು. ಆ ಹೊತ್ತಿಗೆ ಶೆಡ್ಡಿನಲ್ಲಿ ಸುತ್ತಿಗೆ ಹೊಡೆಯುವವನೂ ಕೈ ತಡೆಯುತ್ತಿದ್ದ. ಕಣ್ಣು ಬಿಟ್ಟು ಅವರು ಹೇಳಿದ್ದೇ ತೀರ್ಮಾನ. ಒಮ್ಮೆ ಒಬ್ಬ ವ್ಯಾನಿನವನಿಗೆ, ನಿನ್ನ ಗಾಡಿಯಲ್ಲಿ ಏನೂ ಕೆಟ್ಟಿಲ್ಲ, ಯಾರೋ ಕೈಬ್ರೇಕ್ ಹಾಕಿಕೊಂಡೇ ಓಡಿಸಿದ್ದಾರೆ ಎಂದುಬಿಟ್ಟರು. ಅವನು ಅಲ್ಲಿಂದಲೇ ಮನೆಗೆ ಫೋನ್ ಮಾಡಿದ. ಆ ಕಡೆ ಅವನ ಹೆಂಡತಿ ಅಳಲು ಶುರುಮಾಡಿದಳು. ಭಾವನ ಮಾತಾದ ಮೇಲೆ ಇನ್ನೊಬ್ಬರು ಕಡ್ಡಿ ಹಿಡಿದು ನೋಡುವ ಪದ್ಧತಿಯೇ ಆ ಶೆಡ್ಡಿನಲ್ಲಿ ಇರಲಿಲ್ಲ. ನೋಡಿದರೆ ಮೇಸ್ತ್ರಿಗೆ ಅವಮಾನ ಎಂದು ಎಲ್ಲರಿಗೂ ಗೊತ್ತಿತ್ತು.

ಆ ಮೂಗು ಎರಡೂವರೆ ವರ್ಷದ ಹಿಂದೆ ಸತ್ತುಹೋಯಿತು. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಆದರೆ ನಿಮ್ಮಿಂದ ಮುಚ್ಚಿಟ್ಟು ಆಟವಾಡಿಸುವಷ್ಟು ತಾಳ್ಮೆ ನನಗಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಒಂದು ಜ್ವರ ಬಂದಿತ್ತು, ಹತ್ತು ದಿನ ಮಲಗಿದ್ದರು. ಎದ್ದ ಮೇಲೆ ಒಂದು ಬೆಳಿಗ್ಗೆ ಅಕ್ಕ ಒಲೆಯ ಮೇಲೆ ಹಾಲಿಟ್ಟು, ಸ್ವಲ್ಪ ನೋಡ್ಕೊಳ್ಳಿ ಎಂದು ಬಟ್ಟೆ ಒಣಹಾಕಲು ಮೇಲೆ ಹೋಗಿದ್ದಾಳೆ. ಮೆಟ್ಟಿಲ ಮೇಲೇ ಅವಳಿಗೆ ಸೀದ ವಾಸನೆ ಬಡಿದಿದೆ. ಓಡಿ ಬಂದು ನೋಡಿದರೆ ಪಾತ್ರೆಯ ತಳ ಕರಿಹಿಡಿದಿದೆ, ಭಾವ ಅಲ್ಲೇ ಒಂದು ಮಾರು ದೂರದಲ್ಲಿ ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದಾರೆ. ಅವಳು ಬೈಯಲು ಬಾಯಿ ತೆರೆದವಳು ಅವರ ಮುಖ ನೋಡಿ ಸುಮ್ಮನಾದಳಂತೆ. ಅವರು ಪಾತ್ರೆ ಎತ್ತಿ ಮೂಗಿಗೆ ಹಿಡಿದರು, ಮತ್ತೆ ಹಿಡಿದರು, ಆಮೇಲೆ ಅದನ್ನು ತೊಟ್ಟಿಯಲ್ಲಿಟ್ಟು ನೀರು ಬಿಟ್ಟರು. ಯಾರಿಗೂ ಹೇಳಬೇಡ ಎಂದು ಅವಳ ಕೈ ಹಿಡಿದುಕೊಂಡರು.

ವಾಸನೆ ಮತ್ತೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದರು ಡಾಕ್ಟರು. ಬರಲಿಲ್ಲ. ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಯಾರಿಗೆ ಹೇಳುವುದು? ಶೆಡ್ಡಿನಲ್ಲಿ ಹೊಸ ಗಾಡಿಗಳಿಗೆಲ್ಲ ಸ್ಕ್ಯಾನರ್ ಬಂದಿತ್ತು. ವೈರು ಚುಚ್ಚಿದರೆ ತೊಂದರೆ ಏನೆಂದು ಪರದೆಯ ಮೇಲೆ ಬರೆದು ತೋರಿಸುತ್ತಿತ್ತು. ಹಳೆಯ ಗಾಡಿಗಳಿಗೆ ಮಾತ್ರ ವೈರು ಚುಚ್ಚಲು ಜಾಗವೇ ಇಲ್ಲ, ಅವಕ್ಕೆ ಮೂಗೇ ಗತಿ. ಯಜಮಾನ ಭಾವನನ್ನು ಇಟ್ಟುಕೊಂಡಿದ್ದೇ ಅದಕ್ಕೆ, ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದ. ಮೂಗಿಲ್ಲದಿದ್ದರೆ ಐವತ್ತೆಂಟು ವಯಸ್ಸಿನ ಈ ಮನುಷ್ಯ ಆ ಶೆಡ್ಡಿನಲ್ಲಿ ಯಾರೂ ಅಲ್ಲ. ಹಾಗಾಗಿ ಎರಡು ವರ್ಷ ಅವರು ಬಣ್ಣ ನೋಡಿ, ತರಿ ಮುಟ್ಟಿ, ಡ್ರೈವರುಗಳನ್ನು ಪೊಲೀಸರ ಹಾಗೆ ಪ್ರಶ್ನೆ ಕೇಳಿ, ಕೊನೆಗೆ ಕಡ್ಡಿ ಹಿಡಿದು ಸುಮ್ಮನೆ ಕಣ್ಣು ಮುಚ್ಚುತ್ತಿದ್ದರು. ಒಂದು ಸಲವೂ ತಪ್ಪಲಿಲ್ಲ. ಮೂಗಿಲ್ಲದೆಯೂ ಅವರು ಮೇಸ್ತ್ರಿಯೇ ಆಗಿದ್ದರು, ಅದು ಅವರಿಗೇ ಗೊತ್ತಿರಲಿಲ್ಲ.

ಇನ್ನು ನನ್ನ ವಿಷಯ. ನಾನು ಆಗ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುತ್ತಿದ್ದೆ. ಡ್ರೈವರುಗಳು ನನ್ನನ್ನು ಕೊಕ್ಕೆ ಎನ್ನುತ್ತಿದ್ದರು, ನನ್ನ ಟ್ರಕ್ಕನ್ನು ಕೊಕ್ಕೆಯ ಹೆಂಡತಿ ಎನ್ನುತ್ತಿದ್ದರು. ಅದಕ್ಕೆ ಮೂವತ್ತನಾಲ್ಕು ವರ್ಷ. ಬಾಗಿಲು ಮುಚ್ಚಬೇಕಾದರೆ ಒಳಗಿನಿಂದ ಒಮ್ಮೆ ಎತ್ತಿ ಎಳೆಯಬೇಕಿತ್ತು, ವೈಪರು ಒಂದೇ ಓಡುತ್ತಿತ್ತು, ಅದೂ ನನ್ನ ಕಡೆಯದಲ್ಲ. ಆದರೆ ಎಳೆಯುವುದರಲ್ಲಿ ಅದನ್ನು ಮೀರಿಸಿದ್ದು ನಾನು ನೋಡಿಲ್ಲ. ಹೊಸ ಟ್ರಕ್ಕುಗಳು ನಿಂತು ಯೋಚನೆ ಮಾಡುವ ಕಡೆ ಅದು ತಲೆ ತಗ್ಗಿಸಿ ಹೋಗುತ್ತಿತ್ತು. ಆ ಕಾಲದ ಆಟೋಮ್ಯಾಟಿಕ್ ಗೇರ್‌ಬಾಕ್ಸು ಈಗ ಹುಡುಕಿದರೂ ಸಿಗುವುದಿಲ್ಲ. ಅದು ಹೋದರೆ ಟ್ರಕ್ಕು ಹೋದಂತೆ, ಟ್ರಕ್ಕು ಹೋದರೆ ನಾನು ಹೋದಂತೆ.

ಕಳೆದ ವರ್ಷ ಅದಕ್ಕೆ ಸುಸ್ತು ಶುರುವಾಯಿತು. ಹಿಂದೆ ಭಾರ ಕಟ್ಟಿ ಏರಿನಲ್ಲಿ ನಿಂತು ಹೊರಟರೆ, ಎಂಜಿನ್ನು ಗುಂಯ್ಗುಡುತ್ತದೆ, ಗಾಡಿ ಮಾತ್ರ ಏಳುವುದಿಲ್ಲ. ನನಗೆ ತೋಚಿದ ಔಷಧಿ ನಾನು ಮಾಡಿದೆ. ಗೇರ್‌ಬಾಕ್ಸಿನ ಹಳೆಯ ಆಯಿಲ್ ಇಳಿಸಿ ಹೊಸದು ಸುರಿದೆ. ತಳದಿಂದ ಇಳಿಸಿದರೆ ಅರ್ಧವೇ ಇಳಿಯುತ್ತದೆ, ಉಳಿದ ಅರ್ಧ ಕನ್ವರ್ಟರಿನ ಹೊಟ್ಟೆಯಲ್ಲೇ ಇರುತ್ತದೆ. ಆದರೂ ಬಣ್ಣ ಕೆಂಪಗೆ ಚೆನ್ನಾಗಿ ಬಂತು. ಗಾಡಿ ಮಾತ್ರ ಏಳಲಿಲ್ಲ. ಆಗ ಭಾವನ ಹತ್ತಿರ ಹೋದೆ. ಕನ್ವರ್ಟರ್ ಬದಲಿಸಬೇಕು ಎಂದರು.

ಕನ್ವರ್ಟರ್ ಎಂದರೇನು ಎಂದು ನನಗೆ ತಿಳಿಯುವ ಹಾಗೆ ಹೇಳಿದವರು ಭಾವ ಒಬ್ಬರೇ. ಎರಡು ಫ್ಯಾನು ಎದುರುಬದುರು ಇಡು ಎಂದಿದ್ದರು. ಒಂದಕ್ಕೆ ಕರೆಂಟು ಕೊಡು, ಅದರ ಗಾಳಿಗೆ ಇನ್ನೊಂದು ತಾನೇ ತಿರುಗುತ್ತದೆ. ಟಾರ್ಕ್ ಕನ್ವರ್ಟರಿನಲ್ಲಿ ಗಾಳಿಯ ಬದಲು ಆಯಿಲ್. ಎಂಜಿನ್ನು ಒಂದು ಫ್ಯಾನು, ಗೇರ್‌ಬಾಕ್ಸು ಇನ್ನೊಂದು. ಶೆಡ್ಡಿನಲ್ಲಿ ಅದರ ಆಕಾರ ನೋಡಿ ಕುಂಬಳಕಾಯಿ ಎನ್ನುತ್ತಿದ್ದರು. ನನ್ನ ಟ್ರಕ್ಕಿಗೆ ಕೂರುವಂಥವು ಅಲ್ಲಿ ಎರಡೇ ಇದ್ದವು, ಎರಡೂ ರಿಪೇರಿಯಾಗಿ ಹಲಗೆಯ ಮೇಲೆ ಕೂತಿದ್ದವು. ಒಂದು ಸಡಿಲದ್ದು. ಅದನ್ನು ಹಾಕಿದರೆ ಎಂಜಿನ್ನು ಮೊದಲು ಚೆನ್ನಾಗಿ ಸುತ್ತಿಕೊಂಡು, ಆಮೇಲೆ ಹಿಡಿತ ಬಂದು, ಗಾಡಿ ಜಿಗಿದು ಏಳುತ್ತದೆ. ಆದರೆ ಉದ್ದದ ಏರಿನಲ್ಲಿ ಜಾರುತ್ತ ಜಾರುತ್ತ ಬಿಸಿಯಾಗುತ್ತದೆ. ಇನ್ನೊಂದು ಬಿಗಿಯದ್ದು. ಏಳುವುದು ನಿಧಾನ, ಆದರೆ ಹಿಡಿದರೆ ಬಿಡದು, ತಣ್ಣಗೆ ಎಳೆಯುತ್ತದೆ.

ಯಾವುದು ಎನ್ನುವುದನ್ನು ತೀರ್ಮಾನಿಸಬೇಕಾದದ್ದು ಆಯಿಲ್. ಒಳಗಿನ ಆಯಿಲ್ ಈಗಾಗಲೇ ಸೀದಿದ್ದರೆ ಗೇರ್‌ಬಾಕ್ಸು ಬೆಂದಿದೆ ಎಂದರ್ಥ, ಇನ್ನು ಒಂದಿಷ್ಟು ಬಿಸಿಯನ್ನೂ ಅದು ತಡೆಯದು, ಬಿಗಿಯದ್ದೇ ಹಾಕಬೇಕು. ಸೀಯದಿದ್ದರೆ ತೊಂದರೆ ಬಿಸಿಯದಲ್ಲ, ಹಳೇ ಎಂಜಿನ್ನಿಗೆ ನಿಧಾನವಾಗಿ ಸುತ್ತುವಾಗ ಕಸುವಿಲ್ಲ, ಸಡಿಲದ್ದು ಹಾಕಿದರೆ ಅದು ಬದುಕಿಕೊಳ್ಳುತ್ತದೆ. ಇಷ್ಟೇ. ಮೂಗಿದ್ದವನಿಗೆ ಎರಡು ನಿಮಿಷದ ಕೆಲಸ.

ಭಾವ ಎರಡು ದಿನ ತೆಗೆದುಕೊಂಡರು. ಎಷ್ಟು ದೂರ ಎಳೀತೀಯ, ಏರು ಎಷ್ಟು ಉದ್ದ, ಬಾನೆಟ್ ಕೆಳಗೆ ಹೊಗೆ ಕಂಡಿದೆಯಾ, ಕೈಯಿಟ್ಟರೆ ಸುಡುತ್ತಾ, ಕೇಳಿದ್ದನ್ನೇ ಕೇಳಿದರು. ನನಗೆ ತಲೆ ಚಿಟ್ಟು ಹಿಡಿಯಿತು. ಕಣಿವೆಯ ರಸ್ತೆಯಲ್ಲಿ ಕೆಟ್ಟ ಬಸ್ಸುಗಳನ್ನು ಮೇಲೆ ತರುವ ಕೆಲಸ ಆಗಷ್ಟೇ ಒಪ್ಪಿಕೊಂಡಿದ್ದೆ. ಏನೂ ಇಲ್ಲ ಭಾವ, ಏಳಲ್ಲ ಅಷ್ಟೇ, ಎಂದು ಬಾಯಿಗೆ ಬಂದದ್ದು ಹೇಳಿದೆ. ಹೊಗೆ ಒಮ್ಮೆ ಕಂಡಿತ್ತು. ಅದನ್ನು ಹೇಳಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಅವರು ಕಡ್ಡಿ ಎಳೆದರು. ಬಟ್ಟೆಯ ಮೇಲೆ ನಾನು ಸುರಿದ ಹೊಸ ಆಯಿಲಿನ ಕೆಂಪು, ಆಮೇಲೆ ಬೆರಳು, ಆಮೇಲೆ ಮೂಗು. ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಕಣ್ಣು ಬಿಟ್ಟು, ಅದುವರೆಗೆ ಯಾವತ್ತೂ ಮಾಡದ ಕೆಲಸ ಮಾಡಿದರು. ಕಡ್ಡಿಯನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ನಿನಗೇನನ್ಸುತ್ತೆ?" ಎಂದರು.

ಸೀದಿತ್ತು. ಹೊಸ ಆಯಿಲಿನ ಸಿಹಿಯ ಅಡಿಯಲ್ಲಿ, ಪಾತ್ರೆಯ ತಳ ಹತ್ತಿದ ಹಾಗೆ, ಖಂಡಿತವಾಗಿ ಸೀದಿತ್ತು. ನನ್ನ ಮೂಗಿಗೆ ಅದು ಗೊತ್ತಾಯಿತು. ಗೊತ್ತಾದದ್ದನ್ನು ನಾನು ನಂಬಲಿಲ್ಲ. ಮೂವತ್ತು ವರ್ಷ ಇಡೀ ಶೆಡ್ಡು ನಂಬಿದ ಮೂಗಿನ ಎದುರು ನನ್ನದೇನು? ಭಾವ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ, ಏನಾದರೂ ಹೇಳಿ ನಗೆಪಾಟಲಾಗುತ್ತೇನೆ ಎನ್ನಿಸಿತು.

"ನಾನೇನು ಹೇಳೋದು ಭಾವ? ನೀವು ನೋಡಿದ ಮೇಲೆ ಮುಗೀತು," ಎಂದೆ. ನಕ್ಕೆ ಕೂಡ.

ಅವರು ಕಡ್ಡಿಯನ್ನು ನಿಧಾನವಾಗಿ ಒರೆಸಿ ಒಳಗಿಟ್ಟರು. ಆಮೇಲೆ ಸಡಿಲದ್ದೇ ಹಾಕೋಣ ಎಂದರು.

ಹಾಕಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಅವಸರದವರು ಕನ್ವರ್ಟರನ್ನು ಅರ್ಧಕ್ಕೇ ಕೂರಿಸಿ ಬೋಲ್ಟು ಬಿಗಿದು, ಒಳಗಿನ ಪಂಪನ್ನು ಒಡೆದುಬಿಡುತ್ತಾರೆ. ಭಾವ ಅದನ್ನು ಎದೆಗಾನಿಸಿಕೊಂಡು, ಮೆತ್ತಗೆ ತಿರುಗಿಸುತ್ತ ಒತ್ತುತ್ತ, ಮೂರು ಸಲ ಟಕ್ಕೆಂದು ಇಳಿಯುವ ತನಕ ಬಿಡಲಿಲ್ಲ. ಆಮೇಲೂ ಅಳತೆಪಟ್ಟಿ ಹಿಡಿದು ನೋಡಿದರು. ಹಳೆಯದನ್ನು ಗುಜರಿಯವನು ಅವತ್ತೇ ಎತ್ತಿಕೊಂಡು ಹೋದ.

ಟ್ರಕ್ಕು ಎದ್ದಿತು. ಹೇಗೆ ಎದ್ದಿತು ಎನ್ನುತ್ತೀರಿ, ಶೆಡ್ಡಿನ ಮುಂದಿನ ದಿಣ್ಣೆಯ ಮೇಲೆ ಒಂದು ಲೋಡ್ ವ್ಯಾನನ್ನು ಕಟ್ಟಿಕೊಂಡು ಹೂವೆತ್ತಿದ ಹಾಗೆ ಎತ್ತಿತು. ಕೆಲಸದವರು ಚಪ್ಪಾಳೆ ಹೊಡೆದರು. ಯಜಮಾನ ಭಾವನ ಬೆನ್ನು ತಟ್ಟಿದ. ಅವತ್ತು ಸಂಜೆ ಅಕ್ಕನ ಮನೆಯಲ್ಲಿ ನಾನು ಎರಡು ಲೋಟ ಟೀ ಕುಡಿದು, ನಿಮ್ಮ ಮೂಗಿಗೆ ಕಿರೀಟ ತೊಡಿಸಬೇಕು ಭಾವ ಎಂದೆ. ಅವರು ನಗಲಿಲ್ಲ. ಅಕ್ಕ ಲೋಟ ಎತ್ತಿಕೊಂಡು ಒಳಗೆ ಹೋದಳು. ಇಬ್ಬರಿಗೂ ಏನೋ ಜಗಳವಾಗಿರಬೇಕು ಎಂದುಕೊಂಡೆ.

ಹನ್ನೊಂದು ದಿನ. ಹನ್ನೆರಡನೆಯ ದಿನ ಮಧ್ಯಾಹ್ನ ಕಣಿವೆಯ ತಳದಲ್ಲಿ ಆಕ್ಸೆಲ್ ಮುರಿದ ಬಸ್ಸೊಂದನ್ನು ಕಟ್ಟಿಕೊಂಡು ಹತ್ತಲು ಶುರುಮಾಡಿದೆ. ಬಸ್ಸಿನಲ್ಲಿ ಅದರ ಡ್ರೈವರು ಒಬ್ಬನೇ ಇದ್ದ, ಸ್ಟೀರಿಂಗ್ ಹಿಡಿಯಲು. ನಾಲ್ಕು ತಿರುವು ಚೆನ್ನಾಗಿ ಬಂತು. ಐದನೆಯದರಲ್ಲಿ ಎಂಜಿನ್ನಿನ ಸದ್ದು ಏರಿತು, ವೇಗ ಇಳಿಯಿತು. ಆರನೆಯದರಲ್ಲಿ ಕಾಲ ಕೆಳಗಿನಿಂದ ಹೊಗೆ ಬಂತು. ಆಗಲೇ ನಿಲ್ಲಿಸಬೇಕಿತ್ತು. ಇನ್ನೆರಡೇ ತಿರುವು ಎಂದು ಒತ್ತಿದೆ. ಒಮ್ಮೆಗೇ ಎಲ್ಲ ಹಿಡಿತ ಬಿಟ್ಟುಹೋಯಿತು. ಎಂಜಿನ್ನು ಕಿರುಚುತ್ತಿದೆ, ಟ್ರಕ್ಕು ಹಿಂದಕ್ಕೆ ಹೋಗುತ್ತಿದೆ. ಬ್ರೇಕಿನ ಮೇಲೆ ಎದ್ದು ನಿಂತೆ. ಬಸ್ಸು ಅಡ್ಡ ತಿರುಗಿ ಗುಡ್ಡದ ಬದಿಗೆ ಒರಗಿತು. ಆ ಕಡೆ ತಿರುಗಿದ್ದರೆ ಕಣಿವೆ. ಬಸ್ಸಿನ ಡ್ರೈವರು ಇಳಿದು ಬಂದು ನನ್ನನ್ನು ಬೈಯಲೂ ಆಗದೆ ರಸ್ತೆಯ ಮೇಲೆ ಕೂತುಬಿಟ್ಟ.

ಗೇರ್‌ಬಾಕ್ಸ್ ಬಿಚ್ಚಿದಾಗ ಒಳಗೆಲ್ಲ ಒಂದೇ ಸಮ ಕರಿ. ಪ್ಲೇಟುಗಳು ಮುಟ್ಟಿದರೆ ಪುಡಿ. ಯಾವುದು ಮೊದಲೇ ಸುಟ್ಟಿತ್ತು, ಯಾವುದು ಅವತ್ತು ಸುಟ್ಟದ್ದು ಎಂದು ಯಾರೂ ಹೇಳುವ ಹಾಗಿರಲಿಲ್ಲ. ಹೊರಗಿನ ಕವಚವೂ ಬಿರಿದಿತ್ತು. ಟ್ರಕ್ಕಿನ ಕಥೆ ಅಲ್ಲಿಗೆ ಮುಗಿಯಿತು. ನನಗೆ ಆಗ ಬಂದ ಸಿಟ್ಟಿಗೆ ಕಣ್ಣು ಕಾಣಲಿಲ್ಲ. ಯಜಮಾನ, ಕೆಲಸದವರು, ಗಾಡಿ ಬಿಡಲು ಬಂದವರು, ಅಷ್ಟೂ ಜನರ ಎದುರು ಭಾವನ ಮಾನ ಕಳೆದೆ. ಆ ಮೂಗನ್ನು ಕತ್ತರಿಸಿ ಹಾಕಿ ಎಂದೆ. ಅಕ್ಕನ ಗಂಡ ಎಂದು ನಂಬಿ ಹಾಳಾದೆ ಎಂದೆ. ಅವರು ಸುಟ್ಟ ಪ್ಲೇಟೊಂದನ್ನು ಕೈಯಲ್ಲಿ ಹಿಡಿದು ತಲೆ ಬಗ್ಗಿಸಿ ನಿಂತಿದ್ದರು. ಯಜಮಾನ ಮಾರನೆಯ ದಿನವೇ ಅವರನ್ನು ಬಿಡಿಭಾಗ ತೊಳೆಯುವ ತೊಟ್ಟಿಯ ಹತ್ತಿರ ಹಾಕಿದ.

ಮೂರನೆಯ ದಿನ ಅಕ್ಕ ನನ್ನ ಮನೆಗೆ ಬಂದಳು. ಕೂರಲಿಲ್ಲ. ಬಾಗಿಲಲ್ಲೇ ನಿಂತು, ಹಾಲು ಸೀದ ದಿನದಿಂದ ಶುರುಮಾಡಿ ಎಲ್ಲ ಹೇಳಿದಳು. ಕಡ್ಡಿ ಎಳೆಯುವ ಹಿಂದಿನ ದಿನ ಅವರು ಊಟ ಮಾಡದೆ ಎದ್ದು ಹೋದದ್ದು, ನಾಳೆ ಅವನನ್ನೇ ಕೇಳಿನೋಡ್ತೀನಿ, ಅವನಿಗೆ ಗೊತ್ತಾಗದ ಹಾಗೆ, ಎಂದದ್ದು.

"ಕೇಳಿದ್ರಾ ನಿನ್ನನ್ನ?" ಎಂದಳು.

ನಾನು ಮುಖ ತಿರುಗಿಸಿದೆ. ಅವಳಿಗೆ ಏನು ಅರ್ಥವಾಯಿತೋ, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋದಳು. ನಾನು ಗೋಡೆಗೆ ಒರಗಿ ಕೂತೆ. ಎರಡು ವರ್ಷದಲ್ಲಿ ಆ ಮನುಷ್ಯ ಒಬ್ಬರೇ ಒಬ್ಬರ ಹತ್ತಿರ ಸಹಾಯ ಕೇಳಿದ್ದರು. ಅದು ನಾನು. ನಾನು ನಕ್ಕಿದ್ದೆ.

ಭಾನುವಾರ ಅವರ ಮನೆಗೆ ಹೋದೆ, ಕ್ಷಮೆ ಕೇಳಬೇಕು ಎಂದೇ ಹೋದೆ. ಭಾವ ಹಜಾರದಲ್ಲಿ ಕಿಟಕಿಯ ಹತ್ತಿರ ಕೂತಿದ್ದರು. ಬಿಡಿಭಾಗ ತೊಳೆಯುವ ದ್ರಾವಣದಿಂದ ಬೆರಳುಗಳ ಚರ್ಮ ಸುಲಿದಿತ್ತು. ಬಾ ಎಂದರು, ಕೂತ್ಕೋ ಎಂದರು, ಅಕ್ಕನಿಗೆ ಟೀ ಮಾಡಲು ಹೇಳಿದರು. ನಾನು ಬೈದದ್ದೇ ನಡೆದಿಲ್ಲವೇನೋ ಎಂಬ ಹಾಗೆ. ಹೇಗೆ ಶುರುಮಾಡಲಿ ಎಂದು ನಾನು ಪದ ಹುಡುಕುತ್ತಿದ್ದಾಗ ಅವರೇ ಬಾಯಿಬಿಟ್ಟರು.

"ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಅವತ್ತು ಕಡ್ಡಿ ನಿನ್ನ ಹತ್ರ ಹಿಡಿದ್ನಲ್ಲ, ಸೀದ ವಾಸನೆ ಬಂದಿತ್ತಾ?"

ಬಂದಿತ್ತು ಎಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಮತ್ತೆ ಯಾಕೆ ಹೇಳಲಿಲ್ಲ? ಹೇಳದೆ ಇದ್ದು, ಅಷ್ಟು ಜನರ ಎದುರು ನನ್ನನ್ನು ಯಾಕೆ ಹಾಗೆ ಅಂದೆ ಎನ್ನುತ್ತಾರೆ. ಅದಕ್ಕೆ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ? ಅದೂ ಅಲ್ಲದೆ, ಇಲ್ಲ ಎಂದರೆ ಅವರಿಗೂ ನೆಮ್ಮದಿಯಾಗುತ್ತದೆ, ತಮ್ಮ ಮೂಗಿನಿಂದ ಏನೂ ಆಗಲಿಲ್ಲ ಎಂದು ಅವರ ಮನಸ್ಸು ಹಗುರಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟು ಬೇಗ ಒಂದು ಒಳ್ಳೆಯ ಕಾರಣ ಹೊಳೆದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

"ಇಲ್ಲ ಭಾವ. ಏನೂ ಇರ್ಲಿಲ್ಲ."

ಅವರು ತಲೆಯಾಡಿಸಿದರು.

"ನನಗೆ ಎರಡು ವರ್ಷದಿಂದ ವಾಸನೆ ಗೊತ್ತಾಗಲ್ಲ ಕಣೋ," ಎಂದರು. "ನಿನ್ನಕ್ಕ ಹೇಳಿರ್ತಾಳೆ. ಸೀದಿತ್ತು ಅಂತ ನೀನು ಅಂದಿದ್ರೆ, ಮೂಗು ಕೈಕೊಡ್ತು, ಅಷ್ಟೇ ಅಂದ್ಕೋತಿದ್ದೆ. ಮೂಗಿಲ್ದೆ ಇದ್ರೂ ತಲೆ ಸರಿಯಾಗಿದೆ ಅಂತ ಇಷ್ಟು ದಿನ ಧೈರ್ಯವಾಗಿದ್ದೆ. ಆಯಿಲ್ ಚೆನ್ನಾಗಿದ್ದೂ ಹೀಗಾಯ್ತು ಅಂದ್ರೆ ನಾನು ಆರಿಸಿದ್ದೇ ತಪ್ಪು. ತಲೆನೂ ಹೋಗಿದೆ."

ಆಗಲೂ ಹೇಳಬಹುದಿತ್ತು. ಒಂದೇ ಮಾತು, ಸೀದಿತ್ತು ಭಾವ, ನೀವು ಯೋಚಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ, ತಪ್ಪು ನನ್ನದು. ಬಾಯಿ ತೆರೆದೆ. ಅಕ್ಕ ಟೀ ತಂದು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಕುಡಿದೆ.

ಮಾರನೆಯ ದಿನ ಅವರು ತಮ್ಮ ಸ್ಪ್ಯಾನರ್ ಪೆಟ್ಟಿಗೆಯ ಬೀಗದ ಕೈಯನ್ನು ಯಜಮಾನನಿಗೆ ಕಳುಹಿಸಿಬಿಟ್ಟರು, ಮತ್ತೆ ಶೆಡ್ಡಿಗೆ ಹೋಗಲಿಲ್ಲ. ಈಗ ಆರು ತಿಂಗಳಾಯಿತು. ಮನೆಯ ನಲ್ಲಿ ಸೋರಿದರೂ ಮುಟ್ಟುವುದಿಲ್ಲ. ನಾನು ಬೇರೊಬ್ಬರ ಲಾರಿ ಓಡಿಸುತ್ತೇನೆ. ವಾರಕ್ಕೊಮ್ಮೆ ಹೋಗಿ ಅವರ ಎದುರು ಕೂರುತ್ತೇನೆ, ಈ ಸಲ ಹೇಳಿಯೇ ಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಹೋಗುತ್ತೇನೆ, ಹೇಳದೆ ವಾಪಸು ಬರುತ್ತೇನೆ.

ಹೋದ ವಾರ ಅಂಗಡಿಯಿಂದ ಅಕ್ಕ ಎರಡು ಥರದ ಬಲ್ಬು ತಂದು, ಅಡುಗೆಮನೆಗೆ ಯಾವುದು ಹಾಕಲಿ ಎಂದು ಅವರನ್ನು ಕೇಳಿದಳಂತೆ. ಅವರು ಎರಡನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಹಿಂದಕ್ಕೆ ಕೊಟ್ಟರಂತೆ.

"ನನ್ನನ್ನ ಕೇಳಬೇಡ," ಎಂದರಂತೆ. "ನಿನ್ನ ತಮ್ಮ ಬರ್ತಾನಲ್ಲ, ಅವನನ್ನ ಕೇಳು. ಅವನಾದ್ರೆ ಸರಿಯಾಗಿ ಹೇಳ್ತಾನೆ."